ಆಫೀಸಿನ ಮೆಟ್ಟಿಲ ಮೇಲೆ ಸಿಗರೇಟ್ ಸೇದಬಹುದಾ? ಓದುಗರ ಪ್ರಶ್ನೆಗೆ ಶ್ವಾಸಕೋಶ ತಜ್ಞರ ಉತ್ತರ

ಸಾರ್ವಜನಿಕ ಸ್ಥಳದಲ್ಲಿ ಬೀಡಿ, ಸಿಗರೇಟ್ ಸೇದಿದರೆ ಕರ್ನಾಟಕದಲ್ಲಿ ಈಗ 1,000 ರೂಪಾಯಿವರೆಗೆ ದಂಡ ಬೀಳುತ್ತದೆ. ಮೊದಲು 200 ಇತ್ತು. 2025ರ ಮೇ ತಿಂಗಳಲ್ಲಿ ರಾಜ್ಯದ ತಿದ್ದುಪಡಿ ಕಾಯ್ದೆ ಜಾರಿಗೆ ಬಂದ ಮೇಲೆ ಈ ವಿಷಯದ ಪತ್ರಗಳು ಜಾಸ್ತಿಯಾಗಿವೆ. ಕೆಲವರಿಗೆ ಈ ದಂಡ ಸಾಲದು. ಇನ್ನು ಕೆಲವರಿಗೆ ಇದು ದಬ್ಬಾಳಿಕೆ. ಅವುಗಳಲ್ಲಿ ಐದು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಐದು ತಿಂಗಳ ಗರ್ಭಿಣಿ. ನಮ್ಮ ಆಫೀಸ್ ಇರುವುದು ಮೂರನೇ ಮಹಡಿಯಲ್ಲಿ. ಮೆಟ್ಟಿಲ ಮೇಲೆ, ಲಿಫ್ಟ್ ಪಕ್ಕದಲ್ಲಿ ಯಾರಾದರೂ ಸಿಗರೇಟ್ ಸೇದುತ್ತಲೇ ಇರುತ್ತಾರೆ. ಎಚ್‌ಆರ್‌ಗೆ ಹೇಳಿದರೆ, ‘ಅದು ಆಫೀಸ್ ಒಳಗಲ್ಲ, ಕಾಮನ್ ಏರಿಯಾ, ನಾವೇನೂ ಮಾಡೋಕಾಗಲ್ಲ’ ಅನ್ನುತ್ತಾರೆ. ಆ ಹೊಗೆಯಲ್ಲಿ ದಿನಾ ಓಡಾಡಿದರೆ ಮಗುವಿಗೆ ತೊಂದರೆಯಾಗುತ್ತದಾ? (ಬೆಂಗಳೂರು)

ಮೊದಲು ಮಗುವಿನ ವಿಷಯ. ಇಷ್ಟು ದಿನ ಆ ಮೆಟ್ಟಿಲು ಹತ್ತಿದ್ದಕ್ಕೆ ಏನೋ ಆಗಿಹೋಯಿತು ಎಂದು ಹೆದರಬೇಡಿ. ಆದರೆ ಇದು ಹೀಗೇ ನಡೆಯಲಿ ಎಂದು ಬಿಡುವ ವಿಷಯವೂ ಅಲ್ಲ. ಗರ್ಭಿಣಿ ಬೇರೆಯವರ ಸಿಗರೇಟ್ ಹೊಗೆಯನ್ನು ದಿನವೂ ಉಸಿರಾಡುತ್ತಿದ್ದರೆ ಹುಟ್ಟುವ ಮಗುವಿನ ತೂಕ ಕಡಿಮೆಯಾಗಬಹುದು. ಸೇದುವವರು ಎಳೆದು ಬಿಡುವ ಹೊಗೆ ಒಂದು ಭಾಗ ಮಾತ್ರ. ಬೆರಳ ಸಂದಿಯಲ್ಲಿ ಸುಮ್ಮನೆ ಉರಿಯುತ್ತಿರುವ ತುದಿಯಿಂದ ಬರುವ ಹೊಗೆಯೇ ಸುತ್ತಲಿನ ಗಾಳಿಗೆ ಜಾಸ್ತಿ ಸೇರುತ್ತದೆ. ಅದಕ್ಕೆ ಫಿಲ್ಟರ್ ಕೂಡ ಇಲ್ಲ. ತಂಬಾಕಿನ ಹೊಗೆಯಲ್ಲಿ ಕ್ಯಾನ್ಸರ್ ತರಬಲ್ಲ ಸುಮಾರು 70 ರಾಸಾಯನಿಕಗಳಿವೆ. ಇಷ್ಟು ಹೊಗೆಯಾದರೆ ಪರವಾಗಿಲ್ಲ ಎನ್ನುವ ಅಳತೆಯೇ ಇಲ್ಲ ಎಂದು ಅಮೆರಿಕದ ಸರ್ಜನ್ ಜನರಲ್ (ಅಲ್ಲಿಯ ಸರ್ಕಾರದ ಉನ್ನತ ಆರೋಗ್ಯಾಧಿಕಾರಿ) ವರದಿ 2006ರಲ್ಲೇ ಸ್ಪಷ್ಟವಾಗಿ ಹೇಳಿತು.

ಇನ್ನು ನಿಮ್ಮ ಎಚ್‌ಆರ್ ಮಾತು. ಅದು ತಪ್ಪು. ಕೇಂದ್ರ ಸರ್ಕಾರದ 2003ರ ತಂಬಾಕು ನಿಯಂತ್ರಣ ಕಾಯ್ದೆಯ 4ನೇ ಸೆಕ್ಷನ್ ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ನಿಷೇಧಿಸುತ್ತದೆ. 2008ರ ಅಕ್ಟೋಬರ್ 2ರಂದು ಜಾರಿಗೆ ಬಂದ ನಿಯಮಗಳು ಆ ಪಟ್ಟಿಗೆ ಕೆಲಸದ ಜಾಗವನ್ನೂ ಸೇರಿಸಿದವು. ಕೆಲಸದ ಜಾಗ ಎಂದರೆ ನಿಮ್ಮ ಕುರ್ಚಿ, ಟೇಬಲ್ ಅಷ್ಟೇ ಅಲ್ಲ. ಭಾರತವೂ ಒಪ್ಪಿಕೊಂಡಿರುವ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದದ ಮಾರ್ಗಸೂಚಿಯಲ್ಲಿ ಕಾರಿಡಾರ್, ಲಿಫ್ಟ್, ಮೆಟ್ಟಿಲು, ಲಾಬಿ, ಕ್ಯಾಂಟೀನ್, ಟಾಯ್ಲೆಟ್ ಎಲ್ಲವನ್ನೂ ಹೆಸರಿಟ್ಟು ಹೇಳಿದೆ. ಜನ ಓಡಾಡುವ ಕಟ್ಟಡದ ಮೆಟ್ಟಿಲು ಯಾರೊಬ್ಬರದೂ ಖಾಸಗಿ ಜಾಗವಲ್ಲ.

‘ನಾವೇನೂ ಮಾಡೋಕಾಗಲ್ಲ’ ಎನ್ನುವುದಂತೂ ಒಪ್ಪುವ ಮಾತೇ ಅಲ್ಲ. ದಂಡ ಹಾಕುವ ಅಧಿಕಾರ ಪೊಲೀಸರಿಗೆ ಮಾತ್ರ ಇದೆ ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಿಲ್ಲ. ಶಾಲೆಯಲ್ಲಿ ಮುಖ್ಯೋಪಾಧ್ಯಾಯರಿಗೆ, ಆಸ್ಪತ್ರೆಯಲ್ಲಿ ಮೆಡಿಕಲ್ ಸೂಪರಿಂಟೆಂಡೆಂಟ್‌ಗೆ, ಖಾಸಗಿ ಕಚೇರಿಯಲ್ಲಿ ಎಚ್‌ಆರ್ ಮ್ಯಾನೇಜರ್ ಅಥವಾ ಆಡಳಿತ ಮುಖ್ಯಸ್ಥರಿಗೆ ಈ ಅಧಿಕಾರವನ್ನು ನಿಯಮವೇ ಕೊಟ್ಟಿದೆ. ಜೊತೆಗೆ ಜವಾಬ್ದಾರಿಯೂ ಇದೆ. ‘ಇಲ್ಲಿ ಧೂಮಪಾನ ಅಪರಾಧ’ ಎನ್ನುವ ಬೋರ್ಡನ್ನು ಪ್ರತಿ ಪ್ರವೇಶದಲ್ಲೂ ಹಾಕಬೇಕು. ಅದರ ಅಳತೆ ಕನಿಷ್ಠ 60 ಸೆಂಟಿಮೀಟರ್‌ಗೆ 30 ಸೆಂಟಿಮೀಟರ್ ಇರಬೇಕು. ಯಾರಿಗೆ ದೂರು ಕೊಡಬೇಕು ಎನ್ನುವುದನ್ನು ಕಾಣುವಂತೆ ಬರೆದಿರಬೇಕು. ಆಶ್‌ಟ್ರೇ ಇಡಬಾರದು. ದೂರು ಬಂದ ಮೇಲೂ ಸುಮ್ಮನಿದ್ದರೆ, ಎಷ್ಟು ಜನ ಸೇದಿದ್ದರೋ ಅಷ್ಟು ಜನರ ದಂಡವನ್ನು ಆ ಜಾಗದ ಮಾಲೀಕರು ಅಥವಾ ಮ್ಯಾನೇಜರ್ ಕಟ್ಟಬೇಕಾಗುತ್ತದೆ.

ಹಾಗಾಗಿ ಬಾಯಿಮಾತಿನಲ್ಲಿ ಹೇಳುವುದನ್ನು ಬಿಡಿ. ಎಚ್‌ಆರ್ ಮತ್ತು ಕಟ್ಟಡದ ಮ್ಯಾನೇಜರ್ ಇಬ್ಬರಿಗೂ ಇಮೇಲ್ ಬರೆಯಿರಿ. ಜಾಗ, ಹೊತ್ತು ಎರಡನ್ನೂ ನಮೂದಿಸಿ. ಸೇದುವ ಸಹೋದ್ಯೋಗಿಗಳ ಜೊತೆ ನೀವೊಬ್ಬರೇ ಜಗಳಕ್ಕೆ ನಿಲ್ಲಬೇಕಿಲ್ಲ. ಈ ಕೆಲಸ ಗರ್ಭಿಣಿಯೊಬ್ಬರ ತಲೆಗೆ ಬರಬಾರದು ಎಂದೇ ಕಾನೂನು ಅದನ್ನು ಮ್ಯಾನೇಜರ್ ಹೆಗಲಿಗೆ ಹಾಕಿದೆ. ನಮ್ಮಲ್ಲಿ ಈ ನಿಷೇಧ ಸೋತಿರುವುದು ಇದೇ ಜಾಗದಲ್ಲಿ ಎಂದು ನನಗನ್ನಿಸುತ್ತದೆ. ಸೇದುವವರನ್ನು ಬೈಯುತ್ತೇವೆ, ಸೇದಲು ಬಿಟ್ಟವರನ್ನು ಕೇಳುವುದೇ ಇಲ್ಲ.

ಪ್ರಶ್ನೆ: ನನಗೆ 54 ವರ್ಷ. ಮೊದಲಿನಿಂದಲೂ ಸಿಗರೇಟ್ ಸೇದುತ್ತೇನೆ, ಮುಚ್ಚಿಡುವುದಿಲ್ಲ. ನನ್ನ ದುಡ್ಡು, ನನ್ನ ದೇಹ. ರಸ್ತೆ ಬದಿ ಚಹಾ ಅಂಗಡಿಯಲ್ಲಿ ನಿಂತು ಸೇದಿದರೂ ಜನ ಕಳ್ಳನನ್ನು ನೋಡಿದಂತೆ ನೋಡುತ್ತಾರೆ. ಲಾರಿ ಹೊಗೆ ನಿಮಗೆ ಕಾಣುವುದಿಲ್ಲವಾ? ಗುಟ್ಕಾ ಉಗುಳುವವರು ಕಾಣುವುದಿಲ್ಲವಾ? ನಮ್ಮ ಮೇಲೇ ಯಾಕೆ ಕಣ್ಣು? (ಹುಬ್ಬಳ್ಳಿ)

ನಿಮ್ಮ ಪತ್ರದಲ್ಲಿ ಸಿಟ್ಟಿದೆ, ಜೊತೆಗೆ ನ್ಯಾಯದ ಮಾತೂ ಇದೆ.

ಕಾನೂನು ನಿಮಗೆ ಸಿಗರೇಟ್ ಸೇದಲೇಬೇಡಿ ಎಂದು ಹೇಳಿಲ್ಲ. ತೆರೆದ ಜಾಗವನ್ನು ಕಾಯ್ದೆಯೇ ಹೊರಗಿಟ್ಟಿದೆ. ಆದರೆ ತೆರೆದ ಜಾಗವಾದರೂ ಜನ ಸೇರುವ ಕಡೆ ವಿನಾಯಿತಿ ಇಲ್ಲ. ಬಸ್ ಸ್ಟ್ಯಾಂಡ್, ಬಸ್ ಸ್ಟಾಪ್, ರೈಲ್ವೆ ಸ್ಟೇಷನ್, ಸ್ಟೇಡಿಯಂ, ಬಯಲು ರಂಗಮಂದಿರ ಇವೆಲ್ಲ 2008ರ ನಿಯಮದಲ್ಲಿ ನಿಷೇಧದ ಒಳಗೇ ಬರುತ್ತವೆ. ಚಾವಣಿ ಇಲ್ಲವಲ್ಲ ಎಂದು ಪ್ಲಾಟ್‌ಫಾರ್ಮ್ ತುದಿಯಲ್ಲಿ ನಿಂತು ಸೇದಿದರೂ ಅಪರಾಧವೇ. ಖಾಲಿ ರಸ್ತೆ ಬದಿಯಲ್ಲಿ ನಿಂತು ಸೇದುವವರ ಮೇಲೆ ಇದೇ ನಿಯಮ ತೋರಿಸಿ ಕೂಗಾಡುವುದು ಸರಿಯಲ್ಲ.

ಬಯಲಿನಲ್ಲಿ ಹೊಗೆ ಬೇಗ ಚದುರುತ್ತದೆ ಎನ್ನುವುದೂ ನಿಜ. ಒಂದೆರಡು ಅಡಿ ಹತ್ತಿರ ನಿಂತವರಿಗೆ ಅದು ಜೋರಾಗಿಯೇ ತಟ್ಟುತ್ತದೆ, ಏಳೆಂಟು ಅಡಿ ದೂರ ಹೋದರೆ ತುಂಬಾ ಕಡಿಮೆಯಾಗುತ್ತದೆ. ಚಹಾ ಅಂಗಡಿಯಲ್ಲಿ ಸಮಸ್ಯೆ ಇರುವುದೇ ಇಲ್ಲಿ. ಚಹಾ ಕುಡಿಯಲು ಬಂದವರು, ಟ್ಯೂಷನ್ ಮುಗಿಸಿ ಬನ್ ತೆಗೆದುಕೊಳ್ಳಲು ಬಂದ ಮಕ್ಕಳು, ಸಿಗರೇಟ್ ಹಿಡಿದವರು ಎಲ್ಲರೂ ಒಂದೇ ಶೀಟಿನ ಕೆಳಗೆ ಒತ್ತಿಕೊಂಡು ನಿಂತಿರುತ್ತಾರೆ. ಅಲ್ಲಿಂದ ಹತ್ತು ಹೆಜ್ಜೆ ಆಚೆ ಹೋಗಿ ಸೇದಿ ಎಂದು ಕೇಳುವುದು ನಿಮ್ಮ ಸ್ವಾತಂತ್ರ್ಯ ಕಿತ್ತುಕೊಳ್ಳುವ ಮಾತಲ್ಲ, ಅಲ್ವಾ?

ಗುಟ್ಕಾ ವಿಷಯದಲ್ಲಿ ನಿಮ್ಮ ಮಾತು ನೂರಕ್ಕೆ ನೂರು ಸರಿ. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಸೇದುವವರು ಶೇ 8.8, ಜಗಿಯುವ ತಂಬಾಕಿನಂಥ ಹೊಗೆರಹಿತ ತಂಬಾಕು ಬಳಸುವವರು ಶೇ 16.3. ಹೆಚ್ಚುಕಮ್ಮಿ ಎರಡು ಪಟ್ಟು. ಇಷ್ಟಾದರೂ ಈ ನಿಷೇಧದ ದಂಡದ ರಸೀದಿ ಬಹುಕಾಲ ಸೇದುವವರಿಗೆ ಮಾತ್ರ ಇತ್ತು. ರಾಜ್ಯದ ಹೊಸ ತಿದ್ದುಪಡಿ ಸಾರ್ವಜನಿಕ ಸ್ಥಳದಲ್ಲಿ ತಂಬಾಕು ಉಗುಳುವುದನ್ನೂ ಅದೇ ನಿಷೇಧದೊಳಗೆ ತಂದಿದೆ. ಹುಕ್ಕಾ ಬಾರ್ ಮುಚ್ಚಿಸಿದೆ. ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿದೆ.

ಲಾರಿ ಹೊಗೆಯೂ ವಿಷವೇ, ಅದರ ವಿರುದ್ಧವೂ ಮಾತಾಡೋಣ. ಆದರೆ ಒಂದು ಹೊಗೆ ಇದೆ ಎಂದು ಇನ್ನೊಂದನ್ನು ಬಿಡಲಾಗದು. ‘ನನ್ನ ದೇಹ’ ಎಂಬ ನಿಮ್ಮ ಮಾತನ್ನು ನಾನು ಗೌರವಿಸುತ್ತೇನೆ. ಪಕ್ಕದಲ್ಲಿ ಕೂತವರಿಗೂ ಒಂದು ದೇಹ ಇದೆಯಲ್ಲ? ನಮ್ಮ ನ್ಯಾಯಾಲಯಗಳು ಕೇಳಿದ್ದೂ ಇದನ್ನೇ. 1999ರಲ್ಲಿ ಕೇರಳ ಹೈಕೋರ್ಟ್, 2001ರ ನವೆಂಬರ್‌ನಲ್ಲಿ ಮುರಳಿ ದೇವ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕನ್ನು ಮುಂದಿಟ್ಟೇ ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ತಡೆದವು. ಕಾಯ್ದೆ ಬಂದದ್ದು ಆಮೇಲೆ.

ಕಳ್ಳನಂತೆ ನೋಡುತ್ತಾರೆ ಎಂದು ಬರೆದಿದ್ದೀರಿ. ಅದನ್ನು ಓದಿ ಬೇಸರವಾಯಿತು. ನಿಕೋಟಿನ್ ಚಟ ಮೆದುಳನ್ನು ಹಿಡಿಯುವಂಥದ್ದು, ಅದು ನಡತೆಯ ದೋಷವಲ್ಲ. ಅವಮಾನ ಮಾಡಿದರೆ ಯಾರೂ ಬಿಡುವುದಿಲ್ಲ, ಕದ್ದು ಸೇದುತ್ತಾರೆ ಅಷ್ಟೇ. 54 ತಡವಾದ ವಯಸ್ಸೂ ಅಲ್ಲ. ಈಗ ಬಿಟ್ಟರೂ ಹೃದಯಾಘಾತದ ಅಪಾಯ ಒಂದೆರಡು ವರ್ಷದಲ್ಲೇ ಸಾಕಷ್ಟು ಇಳಿಯುತ್ತದೆ.

ಪ್ರಶ್ನೆ: ನಮ್ಮದು 40 ಸೀಟಿನ ಬಾರ್ ಆ್ಯಂಡ್ ರೆಸ್ಟೋರೆಂಟ್. ಮೂಲೆಯಲ್ಲಿ ಗಾಜಿನ ಪಾರ್ಟಿಷನ್ ಹಾಕಿ ‘ಸ್ಮೋಕಿಂಗ್ ಝೋನ್’ ಮಾಡಿಸಿದರೆ ಸಾಕಾ? ಪೂರ್ತಿ ನಿಲ್ಲಿಸಿದರೆ ಗಿರಾಕಿ ಪಕ್ಕದ ಬಾರ್‌ಗೆ ಹೋಗುತ್ತಾರೆ. (ದಾವಣಗೆರೆ)

ಸಾಲದು. 30 ಅಥವಾ ಅದಕ್ಕಿಂತ ಹೆಚ್ಚು ಸೀಟಿರುವ ರೆಸ್ಟೋರೆಂಟ್‌ಗೆ ಪ್ರತ್ಯೇಕ ಧೂಮಪಾನ ಜಾಗದ ಅವಕಾಶ ಇದೆ ನಿಜ. ಆದರೆ ನಾಲ್ಕೂ ಕಡೆ ಪೂರ್ತಿ ಎತ್ತರದ ಗೋಡೆ ಬೇಕು. ತಾನಾಗಿ ಮುಚ್ಚಿಕೊಳ್ಳುವ ಬಾಗಿಲು ಬೇಕು. ಒಳಗಿನ ಗಾಳಿ ನೇರ ಹೊರಗೆ ಹೋಗಬೇಕು, ಹೋಟೆಲಿನ ಗಾಳಿಗೆ ಮತ್ತೆ ಸೇರಬಾರದು. ಬಾಗಿಲು ತೆಗೆದಾಗ ಹೊಗೆ ಹೊರಗೆ ನುಗ್ಗದಂತೆ ಒಳಗಿನ ಗಾಳಿಯ ಒತ್ತಡ ಕಡಿಮೆ ಇರಬೇಕು. ಇದು ಪ್ರವೇಶದ ಬಳಿ ಇರಬಾರದು. ಒಳಗೆ ಊಟ, ಕುಡಿಯುವುದು ಏನನ್ನೂ ಸರ್ವ್ ಮಾಡುವಂತಿಲ್ಲ.

ನನ್ನ ಸಲಹೆ ಕೇಳಿದರೆ ಆ ದುಡ್ಡು ಖರ್ಚು ಮಾಡಲೇಬೇಡಿ. ಅಡುಗೆಮನೆಯಲ್ಲಿ ಒಣಮೆಣಸಿನಕಾಯಿ ಹುರಿದರೆ ನಡುಮನೆಯಲ್ಲಿ ಕೂತವರೂ ಕೆಮ್ಮುತ್ತಾರೆ. ಗಾಜಿನ ಪಾರ್ಟಿಷನ್ ಕಥೆಯೂ ಅಷ್ಟೇ. ಎಸಿ ಹೊಗೆಯನ್ನು ತಣ್ಣಗೆ ಮಾಡಿ ಹಂಚುತ್ತದೆ, ತೆಗೆಯುವುದಿಲ್ಲ. ಈ ವಿನಾಯಿತಿಯನ್ನೇ ಕಾಯ್ದೆಯಿಂದ ತೆಗೆಯಬೇಕು ಎನ್ನುವವನು ನಾನು.

ಗಿರಾಕಿ ಬಂದು ಒಂದೆರಡು ಗಂಟೆ ಕೂತು ಹೋಗುತ್ತಾರೆ. ನಿಮ್ಮ ಸಪ್ಲೈಯರ್ ಹುಡುಗರು? ದಿನಕ್ಕೆ ಹತ್ತು, ಹನ್ನೆರಡು ಗಂಟೆ ಅದೇ ಗಾಳಿಯಲ್ಲಿ ಇರುತ್ತಾರೆ. ಒಂದು ಬೀಡಿಯನ್ನೂ ಸೇದದೆ, ಸೇದುವವರ ಕೆಮ್ಮು ಹೊತ್ತು ಬರುವ ಬಾರ್ ಕೆಲಸಗಾರರನ್ನು ನಾನು ಕ್ಲಿನಿಕ್‌ನಲ್ಲಿ ನೋಡುತ್ತೇನೆ. ಕೆಲಸ ಬಿಡಿ ಎಂದು ಅವರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಅವರ ಮನೆ ನಡೆಯುವುದೇ ಆ ಕೆಲಸದಿಂದ.

ವ್ಯಾಪಾರದ ಭಯ ಹಳೆಯದು. 2004ರ ಮಾರ್ಚ್ 29ರಂದು ಐರ್ಲೆಂಡ್ ತನ್ನ ಪಬ್‌ಗಳೂ ಸೇರಿ ಎಲ್ಲ ಕೆಲಸದ ಜಾಗಗಳಲ್ಲಿ ಧೂಮಪಾನ ನಿಲ್ಲಿಸಿತು. ಅಲ್ಲಿಯ ಪಬ್ ಮಾಲೀಕರೂ ನಿಮ್ಮ ಹಾಗೇ ಹೆದರಿದ್ದರು. ಹೀಗೆ ನಿಷೇಧ ತಂದ ಕಡೆಗಳ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಇದರಿಂದ ಹೋಟೆಲ್, ಬಾರ್ ವ್ಯಾಪಾರ ಬಿದ್ದಿಲ್ಲ ಎಂದು 2009ರಲ್ಲಿ ಹೇಳಿತು. ಇದಕ್ಕೆ ಒಂದು ಷರತ್ತಿದೆ. ನಿಯಮ ಎಲ್ಲರಿಗೂ ಒಂದೇ ಇರಬೇಕು. ಪಕ್ಕದ ಬಾರ್‌ನಲ್ಲಿ ಆಶ್‌ಟ್ರೇ ಇಟ್ಟು ಕೂರಿಸಿದರೆ ನೀವು ನಷ್ಟಪಡುವುದು ನಿಜ. ಆದ್ದರಿಂದ ನಿಮ್ಮ ಊರಿನ ಹೋಟೆಲ್ ಮಾಲೀಕರ ಸಂಘದವರೇ ಎಲ್ಲ ಕಡೆ ಒಂದೇ ದಿನದಿಂದ ನಿಲ್ಲಿಸಲು ಒಪ್ಪಿಕೊಳ್ಳಲಿ. ತಪಾಸಣೆಯೂ ಎಲ್ಲ ಕಡೆ ಆಗಲಿ ಎಂದು ಜಿಲ್ಲಾಡಳಿತವನ್ನು ಕೇಳಿ.

ಲಾಭ ಎಷ್ಟು ಬೇಗ ಕಾಣುತ್ತದೆ ಎನ್ನುವುದಕ್ಕೆ ಸ್ಕಾಟ್ಲೆಂಡ್ ನೋಡಿ. ಅಲ್ಲಿ ನಿಷೇಧ ಬಂದದ್ದು 2006ರ ಮಾರ್ಚ್‌ನಲ್ಲಿ. ಮೊದಲಿನ ಹತ್ತು ತಿಂಗಳಿಗೂ ಒಂದು ವರ್ಷದ ನಂತರದ ಅದೇ ಹತ್ತು ತಿಂಗಳಿಗೂ ಹೋಲಿಸಿದರೆ, ಅಧ್ಯಯನ ನಡೆದ ಆಸ್ಪತ್ರೆಗಳಲ್ಲಿ ಹೃದಯಾಘಾತದಂಥ ತುರ್ತು ತೊಂದರೆಗೆ ದಾಖಲಾದವರು ಶೇ 17ರಷ್ಟು ಕಡಿಮೆಯಾಗಿದ್ದರು. ಸೇದದವರಲ್ಲೂ ಇಳಿಕೆ ಚೆನ್ನಾಗಿ ಕಂಡಿತು.

ಪ್ರಶ್ನೆ: ನಾವು ಹೊಗೆಸೊಪ್ಪು ಬೆಳೆಯುವವರು. ಸರ್ಕಾರದ ತಂಬಾಕು ಮಂಡಳಿಯೇ ಹರಾಜು ನಡೆಸುತ್ತದೆ. ಸಿಗರೇಟಿನ ತೆರಿಗೆಯನ್ನೂ ಸರ್ಕಾರವೇ ತೆಗೆದುಕೊಳ್ಳುತ್ತದೆ. ಆಮೇಲೆ ಸೇದಬೇಡಿ ಎಂದು ದಂಡ ಹಾಕುತ್ತದೆ. ಇದು ಯಾವ ನ್ಯಾಯ? (ಹುಣಸೂರು)

ವಿರೋಧಾಭಾಸ ಇದೆ, ಇಲ್ಲ ಎನ್ನಲಾರೆ. ಆದರೆ ಬಸ್ ಸ್ಟ್ಯಾಂಡಿನ ದಂಡದಿಂದ ನಿಮ್ಮ ಸೊಪ್ಪಿನ ಬೆಲೆ ಬೀಳುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹುಣಸೂರು, ಪಿರಿಯಾಪಟ್ಟಣ, ಅರಕಲಗೂಡು ಕಡೆಯ ತಂಬಾಕಿನಲ್ಲಿ ಬಹುಪಾಲು ಹೊರದೇಶಕ್ಕೆ ಹೋಗುತ್ತದೆ. ನಿಮ್ಮ ಬೆಲೆಯನ್ನು ಆಡಿಸುವುದು ಬ್ರೆಜಿಲ್, ಜಿಂಬಾಬ್ವೆಗಳ ಫಸಲು ಮತ್ತು ಕಂಪನಿಗಳ ಖರೀದಿ.

ಮೊದಲ ಉತ್ತರದಲ್ಲಿ ಹೇಳಿದ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಂದದ 17ನೇ ವಿಧಿ, ತಂಬಾಕು ಬೆಳೆಗಾರರಿಗೆ ಬೇರೆ ಬದುಕಿನ ದಾರಿಗೆ ಸರ್ಕಾರ ನೆರವಾಗಬೇಕು ಎನ್ನುತ್ತದೆ. ಅದನ್ನು ಹಿಡಿದು ಕೇಳುವ ಹಕ್ಕು ನಿಮಗಿದೆ. ವೈದ್ಯನಾಗಿ ಇನ್ನೊಂದು ಮಾತು. ಬೆಳಗಿನ ಇಬ್ಬನಿಯಲ್ಲಿ ಒದ್ದೆ ಸೊಪ್ಪು ಮುರಿಯುವಾಗ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಸೇರುತ್ತದೆ. ತಲೆಸುತ್ತು, ವಾಂತಿ ಬಂದರೆ ಬಿಸಿಲಿನ ಝಳ ಎಂದು ಸುಮ್ಮನಾಗಬೇಡಿ. ಕೈಗವಸು, ತುಂಬುತೋಳಿನ ಅಂಗಿ ಹಾಕಿ. ಮಕ್ಕಳನ್ನು ಸೊಪ್ಪು ಮುರಿಯಲು ಕಳಿಸಬೇಡಿ.

ಪ್ರಶ್ನೆ: ನಮ್ಮ ಮಾವನವರು ಮನೆಯೊಳಗೇ ಬೀಡಿ ಸೇದುತ್ತಾರೆ. ಮೂರು ವರ್ಷದ ಮಗನಿಗೆ ಪದೇ ಪದೇ ಉಬ್ಬಸ. ಹೊರಗೆ ನಿಷೇಧ ಮಾಡಿದ್ದರಿಂದಲೇ ಎಲ್ಲರೂ ಮನೆಯಲ್ಲಿ ಸೇದುವಂತಾಗಿದೆ ಎಂದು ನಮ್ಮವರು ಹೇಳುತ್ತಾರೆ. ನಿಜವಾ? (ಶಿರಸಿ)

ನಿಜವಲ್ಲ. ಸ್ಕಾಟ್ಲೆಂಡಿನಲ್ಲಿ ನಿಷೇಧದ ಮೊದಲು ಮತ್ತು ನಂತರ ಹನ್ನೊಂದು ವರ್ಷದ ಆಸುಪಾಸಿನ ಮಕ್ಕಳ ಎಂಜಲು ಪರೀಕ್ಷಿಸಿದರು. ಹೊಗೆಯ ಗುರುತಾದ ಕೊಟಿನಿನ್ ಅಂಶ ಶೇ 39ರಷ್ಟು ಇಳಿದಿತ್ತು. ಹೊರಗೆ ಸೇದುವುದು ನಿಂತಾಗ ಮನೆಯಲ್ಲೂ ಸೇದಬಾರದು ಎಂಬ ರೂಢಿ ಬೆಳೆಯುತ್ತದೆ.

ನಿಮ್ಮ ಮನೆಯೊಳಗೆ ಕಾನೂನು ಬರುವುದಿಲ್ಲ. ಅಲ್ಲಿ ನೀವೇ ಮಾತಾಡಬೇಕು. ಸೊಸೆ ಹೇಳಿದರೆ ಮಾವನವರಿಗೆ ನೋವಾಗಬಹುದು, ಹಾಗಾಗಿ ಮೊಮ್ಮಗನನ್ನು ಡಾಕ್ಟರ್ ಹತ್ತಿರ ಕರೆದೊಯ್ಯುವಾಗ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಡಾಕ್ಟರ್ ಬಾಯಿಂದಲೇ ಕೇಳಲಿ. ಕಿಟಕಿ ತೆಗೆದು ಸೇದಿದರೆ, ಫ್ಯಾನ್ ಹಾಕಿದರೆ ಸಾಲದು. ಜಗಲಿಯೂ ಬೇಡ, ಹೊಗೆ ಒಳಗೇ ಬರುತ್ತದೆ. ಅಂಗಳ ದಾಟಿ ಸೇದಲಿ, ಬಂದು ಕೈ ತೊಳೆದು ಮಗುವನ್ನು ಎತ್ತಿಕೊಳ್ಳಲಿ. ಬಿಡುವ ಮನಸ್ಸು ಬಂದರೆ 1800-11-2356 ನಂಬರಿಗೆ ಫೋನ್ ಮಾಡಬಹುದು, ದುಡ್ಡು ಖರ್ಚಾಗುವುದಿಲ್ಲ. ಈ ರಾಷ್ಟ್ರೀಯ ಸೇವೆಯ ಒಂದು ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಇದೆ. ಮಗುವಿಗೆ ಇನ್ಹೇಲರ್ ಬರೆದುಕೊಟ್ಟಿದ್ದರೆ, ಉಬ್ಬಸ ಕಡಿಮೆಯಾಯಿತು ಎಂದು ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.