ಜಲಿಯನ್‌ವಾಲಾ ಬಾಗ್ ಪಾಠದಿಂದ ಮಕ್ಕಳಲ್ಲಿ ದೇಶಾಭಿಮಾನ ಬೆಳೆಯುತ್ತಾ?

ಪಾಠ ಓದಿದರೆ ಸಿಟ್ಟು ಬರುತ್ತದೆ. ಅದೂ ಬೆಲ್ ಹೊಡೆಯುವವರೆಗೆ. ನಾನು ಅಂಕೋಲಾ ಕಡೆಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. 1919ರ ಏಪ್ರಿಲ್ 13, ಜನರಲ್ ಡಯರ್, ಸರ್ಕಾರಿ ಲೆಕ್ಕದಲ್ಲಿ 379 ಸಾವು. ಮಕ್ಕಳು ಪಟಪಟ ಒಪ್ಪಿಸುತ್ತಾರೆ. 'ಅವರು ನಮ್ಮನ್ನು ಕೊಂದರು' ಅಂತ ಬರೆದರೆ ಮಾರ್ಕ್ಸ್ ಸಿಕ್ಕಿತು, ಮುಗೀತು.

ಗುಂಡು ಹಾರಿಸಿದವರು ಗೂರ್ಖಾ ಮತ್ತು ಭಾರತೀಯ ಸಿಪಾಯಿಗಳು, ಆರ್ಡರ್ ಮಾತ್ರ ಡಯರ್‌ನದು ಅಂದಾಗ ಕ್ಲಾಸು ಮೆತ್ತಗಾಗುತ್ತದೆ. ಮಾತು ಶುರುವಾಗುವುದೇ ಅಲ್ಲಿಂದ.

ನಮ್ಮೂರಿಗೂ ಆ ದಿನಕ್ಕೂ ನಂಟಿದೆ. ಆ ಹತ್ಯಾಕಾಂಡದ ನೆನಪಿಗೆ ಪ್ರತಿ ವರ್ಷ ಏಪ್ರಿಲ್ 6ರಿಂದ 13ರವರೆಗೆ ಕಾಂಗ್ರೆಸ್ಸಿನವರು ರಾಷ್ಟ್ರೀಯ ಸಪ್ತಾಹ ಮಾಡುತ್ತಿದ್ದರು. 1930ರ ಅದೇ ಏಪ್ರಿಲ್ 13ಕ್ಕೆ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯ್ದೆ ಮುರಿದರು.

ಆಮೇಲೆ ಬಂತು ಕರನಿರಾಕರಣೆ. ಅಂಕೋಲಾ, ಶಿರಸಿ, ಸಿದ್ದಾಪುರದ ಕಡೆ ಕಂದಾಯ ಕಟ್ಟದವರ ಗದ್ದೆ, ತೋಟ ಜಪ್ತಿಯಾದವು, ಲಿಲಾವಿಗೆ ಬಂದವು. ಲಿಲಾವಿನಲ್ಲಿ ಕೊಂಡವರು ಯಾರು? ಇಲ್ಲಿಯವರೂ ಇದ್ದರು. 1932ರಲ್ಲಿ ಸಿದ್ದಾಪುರ ತಾಲ್ಲೂಕಿನ ಮಾವಿನಗುಂಡಿಯಲ್ಲಿ ಹೆಂಗಸರು ಉಪವಾಸ ಕೂತಿದ್ದು ಯಾವ ಸಾಹೇಬನ ಬಂಗಲೆ ಮುಂದೆಯೂ ಅಲ್ಲ, ಜಪ್ತಿಯಾದ ಆಸ್ತಿ ಕೊಂಡವರ ಮನೆ ಮುಂದೆ. ಅಲ್ಲೀಗ ಆ ಹೆಂಗಸರ ಸ್ಮಾರಕ ಇದೆ. ಜೋಗಕ್ಕೆ ಹೋಗುವಾಗ ನೋಡಿ, ಹೆಚ್ಚಿನವರು ಗಾಡಿ ನಿಲ್ಲಿಸುವುದೇ ಇಲ್ಲ.

ಇದನ್ನು ಹೇಳಿದ ದಿನ ಒಬ್ಬಳು ಎದ್ದು ನಿಂತಳು. "ಹಂಗಾದ್ರೆ ಕೊಂಡವರ ಮನೆಯವರು ಈಗ್ಲೂ ಇರ್ಬೇಕಲ್ವಾ ಸರ್?" ಇರುತ್ತಾರೆ ಅಂದೆ. ಹೆಸರು ಹುಡುಕಿ ತನ್ನಿ ಅಂತ ಮಾತ್ರ ಹೇಳುವುದಿಲ್ಲ. ಎರಡೂ ಕಡೆಯ ಮರಿಮಕ್ಕಳು ಒಂದೇ ಬೆಂಚಿನಲ್ಲಿ ಕೂತಿರಬಹುದು. ನಿಮ್ಮ ಮನೆಯಲ್ಲಿ ಏನು ಹೋಯಿತು, ಆಗ ಊಟಕ್ಕೆ ಏನು ಮಾಡಿದರು ಅಂತ ಅಜ್ಜಿ ಹತ್ತಿರ ಕೇಳಿ ಅನ್ನುತ್ತೇನೆ. ಜಮೀನು ವಾಪಸು ಕೊಡಿಸುವ ಕೆಲಸ ಶುರುವಾಗಿದ್ದು 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ. ಅಲ್ಲಿವರೆಗೆ ಹೊಟ್ಟೆಗೆ ಬೇಕಲ್ಲ?

ಇಂಥದ್ದನ್ನೆಲ್ಲ ಹೇಳಿದರೆ ದೇಶಾಭಿಮಾನ ಕಡಿಮೆಯಾಗಲ್ವಾ ಅಂತಲೂ ಕೇಳಿದ್ದೀರಿ. ನಾನಂತೂ ಕಂಡಿಲ್ಲ. ಗದ್ದೆ ಹೋಗುತ್ತದೆ, ಅದನ್ನು ಪಕ್ಕದ ಮನೆಯವನೇ ಕೊಂಡರೂ ಕೊಂಡಾನು ಅಂತ ಗೊತ್ತಿದ್ದೂ ಕಂದಾಯ ಕಟ್ಟಲಿಲ್ಲವಲ್ಲ, ಅದು ಮಕ್ಕಳಿಗೆ ಡಯರ್‌ಗಿಂತ ಜಾಸ್ತಿ ನೆನಪಿರುತ್ತದೆ.