ಅಜ್ಜನ ಪಾಯಿಂಟ್ ಟೂ ಟೂಗೆ ಉಪ್ಪುಕಾಗದ ಬೇಡ

ಪ್ರಶ್ನೆ: ಹೋದ ತಿಂಗಳು ತೀರಿಕೊಂಡ ನಮ್ಮ ಅಜ್ಜನ ಪಾಯಿಂಟ್ ಟೂ ಟೂ (ನಳಿಗೆಯ ಅಳತೆ 0.22 ಇಂಚು) ಕೋವಿ ಮನೆಯಲ್ಲಿದೆ. ಲೈಸನ್ಸ್ ಇನ್ನೂ ಅವರ ಹೆಸರಲ್ಲೇ ಇದೆ. ಟ್ರಿಗರ್ ಹಿಂದಿನ ಲಿವರ್ ಕೆಳಗೆಳೆದರೆ ತೋಟೆ ಹಾಕುವ ಬಾಯಿ ತೆರೆಯುತ್ತದೆ. ಪಕ್ಕದಲ್ಲಿ ಒಂದಕ್ಕೊಂದು ಒರಗಿಸಿಟ್ಟ ಮೂರು ಬಂದೂಕುಗಳ ಮುದ್ರೆ. ಉಜ್ಜಿ ಹೊಸದರಂತೆ ಮಾಡಿಸಿದರೆ ಲಕ್ಷಗಟ್ಟಲೆ ಬಾಳುತ್ತದೆ ಎನ್ನುತ್ತಾರೆ. ನಿಜವೇ?
– ಮೂಡಿಗೆರೆ ಕಡೆಯ ಓದುಗರು

ಉತ್ತರ: ದಯವಿಟ್ಟು ಉಜ್ಜಿಸಬೇಡಿ. ನಮ್ಮ ತಂದೆ ಕೋವಿ ರಿಪೇರಿ ಮಾಡುತ್ತಿದ್ದವರು. ಒಮ್ಮೆ ಒಬ್ಬ ಪ್ಲಾಂಟರು ಇಂಥದ್ದೇ ಕೋವಿಯನ್ನು ಉಪ್ಪುಕಾಗದದಲ್ಲಿ ಫಳಫಳ ಹೊಳೆಸಿ ತಂದರು. ಅಪ್ಪ ಭೂತಗನ್ನಡಿ ಹಿಡಿದು ಹುಡುಕಿದರೂ ನಳಿಗೆಯ ಮೇಲೆ ಒಂದು ಅಕ್ಷರ ಸಿಗಲಿಲ್ಲ. ಅವತ್ತು ಅಪ್ಪ ಊಟದ ಹೊತ್ತಿಗೂ ಮಾತಾಡಲಿಲ್ಲ.

ಮೂರು ಬಂದೂಕಿನ ಮುದ್ರೆ ಬರ್ಮಿಂಗ್‌ಹ್ಯಾಮ್‌ನ ಬಿಎಸ್ಎ ಕಂಪನಿಯದು. ಲಿವರ್ ಎಳೆದರೆ ಒಳಗಿನ ಕಬ್ಬಿಣದ ತುಂಡು ಮುಂದಕ್ಕೆ ಬಾಗಿ ಇಳಿಯುವುದು ಮಾರ್ಟಿನಿ ಪದ್ಧತಿ. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ತಮ್ಮವರ ಗುರಿ ಸಾಲದೆಂದು ಕಂಡ ಬ್ರಿಟಿಷರು ಊರೂರಲ್ಲಿ ಗುರಿ ಕ್ಲಬ್ ಕಟ್ಟಿದರು. ಅಂಥ ಕ್ಲಬ್‌ಗಳಿಗೆಂದು ಇವು ರಾಶಿ ರಾಶಿ ತಯಾರಾದವು. ಹಾಗಾಗಿ ಅಪರೂಪದ ಮಾಲಲ್ಲ.

ನಳಿಗೆಯ ಬುಡ ನೋಡಿ. ಕಿರೀಟದ ಕೆಳಗೆ ಬಿಪಿ, ಬಿವಿ, ಎನ್‌ಪಿ ಅಕ್ಷರಗಳಿದ್ದರೆ ಅದು 1904ರ ನಂತರದ ಬರ್ಮಿಂಗ್‌ಹ್ಯಾಮ್ ಪರೀಕ್ಷಾ ಮುದ್ರೆ, ಅಂದರೆ ನಳಿಗೆ ಮದ್ದಿನ ಒತ್ತಡ ತಡೆಯುತ್ತದೆಂದು ಪರೀಕ್ಷಿಸಿ ಒತ್ತಿದ ಗುರುತು. ಕಾಂಗರೂ ಗುರುತಿದ್ದರೆ ಇನ್ನೊಂದು ಕಥೆ: ಆಸ್ಟ್ರೇಲಿಯಾದಲ್ಲಿ ಸೈನಿಕ ತರಬೇತಿ ಪಡೆಯುವ ಕೆಡೆಟ್ ಹುಡುಗರಿಗಾಗಿ ಪಾಯಿಂಟ್ ತ್ರೀ ಒನ್ ಝೀರೋ ಆಗಿ ಹುಟ್ಟಿ, ಆಮೇಲೆ ಪಾಯಿಂಟ್ ಟೂ ಟೂಗೆ ಬದಲಾದ ಕೋವಿ. ನಳಿಗೆಯ ತುದಿಯಲ್ಲಿ ಉಂಗುರದಂಥ ಗೆರೆ ಕಂಡರೆ ಒಳಗೆ ಹೊಸ ಕೊಳವೆ ಕೂರಿಸಿದ್ದಾರೆ ಎಂದರ್ಥ. ಅದು ಕಳ್ಳ ಕೆಲಸವಲ್ಲ, ಆಗ ಎಲ್ಲರೂ ಮಾಡಿಸುತ್ತಿದ್ದರು. ಬೆಲೆ ನಿಲ್ಲುವುದು ನಳಿಗೆಯ ಒಳಗಿನ ಸುತ್ತುಗೆರೆ ಎಷ್ಟು ಉಳಿದಿದೆ, ಲೋಹದ ಮೇಲೆ ಮೂಲ ಕಪ್ಪು ಬಣ್ಣ ಎಷ್ಟಿದೆ, ಮರದ ಭಾಗ ಅದರದ್ದೇ ಹೌದೇ ಎಂಬುದರ ಮೇಲೆ. ಹಳೇ ತೋಟೆಗಳ ಮದ್ದು ಒಳಗೆ ತುಕ್ಕು ತಿನ್ನಿಸುತ್ತಿತ್ತು. ಅಜ್ಜ ಎಣ್ಣೆ ಹಾಕುತ್ತಿದ್ದರೇ ಎಂದು ಮನೆಯಲ್ಲಿ ಕೇಳಿ.

ಬರೀ ಟ್ರಿಗರ್ ಎಳೆದು ಟಕ್ಕೆನಿಸಬೇಡಿ. ಪಾಯಿಂಟ್ ಟೂ ಟೂ ತೋಟೆಯನ್ನು ರಿಮ್‌ಫೈರ್ ಎನ್ನುತ್ತಾರೆ: ಅದರಲ್ಲಿ ಕಿಡಿಮದ್ದು ಅಂಚಿನ ಮಡಿಕೆಯಲ್ಲಿರುತ್ತದೆ, ಪಿನ್ ಅಂಚಿಗೇ ಹೊಡೆಯುತ್ತದೆ. ತೋಟೆ ಇಲ್ಲದಿದ್ದರೆ ಆ ಏಟು ನಳಿಗೆಗೇ ಬೀಳುತ್ತದೆ.

ಬೆಲೆಗಿಂತ ಮೊದಲು ಕಾಗದ. ನೂರು ವರ್ಷವಾಯಿತೆಂದ ಮಾತ್ರಕ್ಕೆ ಲೈಸನ್ಸ್ ಬೇಡವೆಂದಲ್ಲ. 1959ರ ಆಯುಧ ಕಾಯ್ದೆಯ ವಿನಾಯಿತಿ ಇರುವುದು ರಿಪೇರಿ ಮಾಡಿದರೂ ಹಾರದ ಕೋವಿಗೆ. ಅಜ್ಜನ ಲೈಸನ್ಸ್ ತಾನಾಗಿ ನಿಮ್ಮದಾಗುವುದಿಲ್ಲ. ತಡಮಾಡದೆ ಕೋವಿಯನ್ನು ಠಾಣೆಯಲ್ಲೋ ಲೈಸನ್ಸ್ ಇರುವ ಕೋವಿ ಅಂಗಡಿಯಲ್ಲೋ ಇಟ್ಟು ರಸೀದಿ ಪಡೆಯಿರಿ, ವಾರಸುದಾರರಾಗಿ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಿ. ಕೊಡುವ ಮುನ್ನ ಪ್ರತಿ ಮುದ್ರೆಯ ಫೋಟೊ ತೆಗೆದಿಟ್ಟುಕೊಳ್ಳಿ. ನನಗೂ ಒಂದು ಪ್ರತಿ ಕಳಿಸಿ.