ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಇಲ್ಲ, ಓದಲು ಅಮೆರಿಕಕ್ಕೆ ಹೊರಟಿದ್ದೇನೆ. ಯಾವ ವಿಮಾನ ಸಂಸ್ಥೆಯಲ್ಲಿ ತಕರಾರು ಕಡಿಮೆ?

ನಿಮ್ಮ ಪ್ರಶ್ನೆ ಓದುತ್ತಿದ್ದಂತೆ 2009ರಲ್ಲಿ ಪಾಸ್‌ಪೋರ್ಟ್ ಅರ್ಜಿ ತುಂಬುತ್ತಿದ್ದ ನಾನೇ ಕಣ್ಣ ಮುಂದೆ ಬಂದೆ.

ಅಂಕಪಟ್ಟಿಯಲ್ಲಿ ನನ್ನ ಹೆಸರು ಸವಿತಾ ಎಚ್. ಕೆ. ಊರು ಹಾರೋಹಳ್ಳಿ, ಅಪ್ಪ ಕೃಷ್ಣಪ್ಪ. ಅರ್ಜಿಯಲ್ಲಿ ಇನಿಷಿಯಲ್ ಹಾಕುವಂತಿಲ್ಲ, ಬಿಡಿಸಿ ಬರೆಯಬೇಕು. “ಊರಿನ ಹೆಸರು ಹಾಕಮ್ಮ” ಎಂದರು ಅಪ್ಪ. ನಾನು ಒಪ್ಪಲಿಲ್ಲ. ಹಾರೋಹಳ್ಳಿ ಎಂಬುದು ಊರಿನ ಹೆಸರು, ಕೃಷ್ಣಪ್ಪ ಎಂಬುದು ಅಪ್ಪನ ಹೆಸರು, ನಮ್ಮ ಮನೆತನಕ್ಕೆ ಸರ್‌ನೇಮ್ ಎಂಬುದೇ ಇಲ್ಲ, ಇಲ್ಲದ್ದನ್ನು ಸರಕಾರಿ ದಾಖಲೆಯಲ್ಲಿ ಬರೆದರೆ ಸುಳ್ಳಾಗುತ್ತದೆ ಎಂದು ವಾದಿಸಿದೆ. ಆ ಜಾಗವನ್ನು ತುಂಬಲೇಬೇಕೆಂಬ ಕಡ್ಡಾಯವೂ ಇರಲಿಲ್ಲ. ಬಿಟ್ಟೆ. ಕೌಂಟರಿನವರು ಏನೂ ಕೇಳಲಿಲ್ಲ, ಪರಿಶೀಲನೆಗೆ ಬಂದ ಪೊಲೀಸರೂ ಕೇಳಲಿಲ್ಲ. ನಮ್ಮೂರಲ್ಲಿ ಇದು ತಪ್ಪೇ ಅಲ್ಲವಾದ್ದರಿಂದ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ.

ಅಮೆರಿಕದ ವೀಸಾ ಕೈಗೆ ಬಂದಾಗ ಸವಿತಾ ಎಂಬುದು ಸರ್‌ನೇಮ್ ಆಗಿತ್ತು. ನನ್ನ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂಬ ಮೂರು ಅಕ್ಷರ. ‘ಮೊದಲ ಹೆಸರು ಗೊತ್ತಿಲ್ಲ’ ಎಂದು ಅದರ ಅರ್ಥ. ಒಂಟಿ ಹೆಸರಿನ ಪಾಸ್‌ಪೋರ್ಟ್ ಇರುವವರಿಗೆಲ್ಲ ಅವರು ಹೀಗೆಯೇ ಹಾಕುತ್ತಾರೆ. ವೀಸಾದಿಂದ ಆ ಮೂರಕ್ಷರ ಅಮೆರಿಕ ಪ್ರವೇಶದ ದಾಖಲೆಯಾದ ಐ-94ಕ್ಕೆ ಹೋಯಿತು, ಅಲ್ಲಿಂದ ಡ್ರೈವಿಂಗ್ ಲೈಸೆನ್ಸಿಗೆ, ಬ್ಯಾಂಕಿಗೆ. ಕೊನೆಗೆ ನನ್ನ ಮಗಳ ಜನನ ಪ್ರಮಾಣಪತ್ರದಲ್ಲಿ ತಾಯಿಯ ಮೊದಲ ಹೆಸರೂ ಅದೇ ಆಯಿತು. ಅದನ್ನು ನೋಡಿದ ದಿನ ಅತ್ತಿದ್ದೆ.

2016ರಲ್ಲಿ ಅಪ್ಪ ತೀರಿಕೊಂಡ ಸುದ್ದಿ ಬಂದಾಗ ನಾವು ಷಿಕಾಗೊದಲ್ಲಿದ್ದೆವು. ಮಧ್ಯರಾತ್ರಿ ನನ್ನ ಗಂಡ ಟಿಕೆಟ್ ಮಾಡಲು ಕುಳಿತರು. ಮೊದಲ ಹೆಸರಿನ ಜಾಗ ಖಾಲಿ ಬಿಟ್ಟರೆ ಜಾಲತಾಣ ಮುಂದಕ್ಕೆ ಹೋಗುವುದಿಲ್ಲ. ಒಂದು ಸಂಸ್ಥೆ ಎಫ್‌ಎನ್‌ಯು ಹಾಕಿ ಎನ್ನುತ್ತದೆ, ಇನ್ನೊಂದು ಹೆಸರನ್ನೇ ಎರಡು ಸಲ ಬರೆಯಿರಿ ಎನ್ನುತ್ತದೆ. ಅವರು ಎರಡು ಸಲ ಬರೆದರು. ಪ್ರಯಾಣದ ಎರಡನೆಯ ಭಾಗ ಬೇರೆ ಸಂಸ್ಥೆಯದು. ಓಹೇರ್ ನಿಲ್ದಾಣದ ಕೌಂಟರಿನಲ್ಲಿ ಟಿಕೆಟ್ಟಿನ ಹೆಸರೂ ಪಾಸ್‌ಪೋರ್ಟಿನ ಹೆಸರೂ ಹೊಂದುತ್ತಿಲ್ಲ ಎಂದರು. ಅಮೆರಿಕದಲ್ಲಿ ಪ್ರತಿ ಪ್ರಯಾಣಿಕರ ಪೂರ್ಣ ಹೆಸರು, ಜನ್ಮದಿನಾಂಕ, ಲಿಂಗ ಇವನ್ನು ವಿಮಾನ ಹೊರಡುವ ಮೊದಲೇ ಸರಕಾರದ ಪಟ್ಟಿಗಳೊಂದಿಗೆ ತಾಳೆ ನೋಡುತ್ತಾರೆ, ಹಾಗಾಗಿ ಕೌಂಟರಿನವರು ತಾವಾಗಿ ಏನನ್ನೂ ತಿದ್ದಲು ಹೆದರುತ್ತಾರೆ. ಆಕೆ ಫೋನ್ ಹಿಡಿದು ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ಕೇಳುತ್ತ ಹೋದರು. ಅಪ್ಪ ತೀರಿಕೊಂಡಿದ್ದಾರೆ ಎಂದು ಮೂರು ಸಲ ಹೇಳಿದೆ. ಆಕೆಗೂ ಕಣ್ಣೀರು ಬಂತು, ಆದರೆ ಕೌಂಟರ್ ಮುಚ್ಚುವ ಹೊತ್ತು ಮೀರಿತು. ಮರುದಿನದ ವಿಮಾನದಲ್ಲಿ ಹೊರಟು ಊರು ಮುಟ್ಟಿದಾಗ ಹಾಲುತುಪ್ಪ. ಅಪ್ಪನ ಮುಖ ನೋಡಲಿಲ್ಲ. ಅಂದು ಅವರು ಹೇಳಿದ ಒಂದು ಪದ ಬರೆದಿದ್ದರೆ ನೋಡುತ್ತಿದ್ದೆ.

ಆದ್ದರಿಂದ ಯಾವ ವಿಮಾನ ಸಂಸ್ಥೆ ಎಂಬ ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ತಕರಾರು ಇರುವುದು ಪಾಸ್‌ಪೋರ್ಟಿನಲ್ಲಿ, ಟಿಕೆಟ್ಟಿನಲ್ಲಿ ಅದನ್ನು ಮುಚ್ಚಲಾಗದು. ದುಬೈ ಮೂಲಕ ಹೋದರೆ ಸುಲಭವೇ ಎಂದೂ ಕೇಳಿದ್ದೀರಿ. 2022ರ ನವೆಂಬರ್‌ನಲ್ಲಿ ಯುಎಇ ಒಂಟಿ ಹೆಸರಿನ ಪಾಸ್‌ಪೋರ್ಟ್ ಇರುವ ಸಂದರ್ಶಕರಿಗೆ ಪ್ರವೇಶವಿಲ್ಲ ಎಂದಿತು. ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಸಾಕು ಎಂದು ಆಮೇಲೆ ಸಡಿಲಿಸಿದರು. ಇಂಥ ನಿಯಮ ಯಾವ ದೇಶದಲ್ಲಿ ಯಾವಾಗ ಬರುತ್ತದೆಂದು ಕಾಯುತ್ತ ಕೂರಬೇಡಿ.

ವೀಸಾ ಅರ್ಜಿ ಹಾಕುವ ಮೊದಲು ಪಾಸ್‌ಪೋರ್ಟ್ ತಿದ್ದಿಸಿ. ವೈಯಕ್ತಿಕ ವಿವರಗಳ ಬದಲಾವಣೆ ಎಂದು ಮರುವಿತರಣೆಗೆ ಅರ್ಜಿ ಹಾಕಬೇಕು. 36 ಪುಟದ ಪುಸ್ತಕಕ್ಕೆ ಶುಲ್ಕ 1,500 ರೂಪಾಯಿ. ನಾನು ಅದನ್ನು ಮಾಡಿಸಿದ್ದು ಅಮೆರಿಕಕ್ಕೆ ಮರಳಿದ ಮೇಲೆ. ಒಂದು ಕಚೇರಿ ಇನ್ನೊಂದರ ಕಾಗದ ತನ್ನಿ ಎನ್ನುವುದು, ಆ ಇನ್ನೊಂದು ಮೊದಲಿನದನ್ನೇ ಕೇಳುವುದು, ಹೀಗೆ ಹನ್ನೊಂದು ತಿಂಗಳು ಹೋಯಿತು. ಸರ್‌ನೇಮ್ ಜಾಗದಲ್ಲಿ ಹಾರೋಹಳ್ಳಿ ಎಂದೇ ಬರೆಸಿದೆ.

ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಪ್ರವೇಶಪತ್ರ ಐ-20 ಅನ್ನು ವಿಶ್ವವಿದ್ಯಾಲಯ ನಿಮಗೆ ಕೊಟ್ಟಾಗಿದ್ದರೆ ಹೊಸ ಪಾಸ್‌ಪೋರ್ಟಿನ ಪ್ರತಿ ಕಳುಹಿಸಿ ಅದನ್ನೂ ಬದಲಿಸಿಕೊಡಲು ಕೇಳಿ. ವೀಸಾಕ್ಕೆ ಹಾಕುವ ಡಿಎಸ್-160 ಅರ್ಜಿಯನ್ನು ಹೊಸ ಐ-20 ಬಂದ ಮೇಲೆಯೇ ತುಂಬಿ.